ಮೈಕ್ ಕೂಗದ ಹಾಗೆ ಮಿಕ್ಸರ್ ನಡೆಸುವುದು: ಲೈವ್ ಸೌಂಡ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಿಕ್ಸರ್ ಮುಂದೆ ಕೂತ ಹೊಸದರಲ್ಲಿ ಒಂದು ಭಾಷಣಕ್ಕೆ ಸೌಂಡ್ ನೋಡಿಕೊಳ್ಳುತ್ತಿದ್ದೆ. ಮಾತನಾಡುವವರದು ಮೆಲು ದನಿ. ಮೈಕಿನಿಂದ ಎರಡು ಅಡಿ ದೂರ ನಿಂತಿದ್ದರು. ಹಿಂದಿನ ಸಾಲಿನವರು ಕೇಳಿಸ್ತಿಲ್ಲ ಅಂತ ಕೈ ಮಾಡಿದಾಗೆಲ್ಲ ನಾನು ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಏರಿಸುತ್ತಾ ಹೋದೆ. ಒಂದು ಹಂತದಲ್ಲಿ ‘ಕುಂಯ್’ ಅಂತ ಶುರುವಾಯಿತು. ಟ್ರೆಬಲ್ ಇಳಿಸಿದೆ, ಮಿಡ್ ಇಳಿಸಿದೆ. ಕೂಗು ನಿಲ್ಲಲಿಲ್ಲ, ದನಿ ಮಾತ್ರ ಕಂಬಳಿ ಹೊದ್ದ ಹಾಗೆ ಮಂಕಾಯಿತು. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ಮಿಕ್ಸರ್ ಮುಟ್ಟಲೇ ಇಲ್ಲ. ಸೀದಾ ವೇದಿಕೆಗೆ ಹೋಗಿ, "ಸರ್, ಮೈಕ್ ಸ್ವಲ್ಪ ಹತ್ತಿರ ಇರಲಿ" ಅಂತ ಹೇಳಿ, ಸ್ಟ್ಯಾಂಡ್ ಬಗ್ಗಿಸಿ, ಅವರ ಬಾಯಿಗೂ ಮೈಕಿಗೂ ಅರ್ಧ ಅಡಿ ಅಂತರ ಇರುವ ಹಾಗೆ ನಿಲ್ಲಿಸಿದರು. ವಾಪಸ್ ಬಂದು ನನ್ನ ಫೇಡರ್ ಇಳಿಸಿದರು. ಕೂಗು ಹೋಯಿತು. ಹಿಂದಿನ ಸಾಲಿಗೂ ಮಾತು ಮುಟ್ಟಿತು.

ಆವತ್ತಿನಿಂದ ನಾನು ಹಿಡಿದುಕೊಂಡು ಬಂದ ಕ್ರಮ ಇದು: ಕೂಗಿಗೆ ಮದ್ದನ್ನು ಮೊದಲು ವೇದಿಕೆಯಲ್ಲಿ ಹುಡುಕಬೇಕು, ಆಮೇಲೆ ಗೇನ್ (ಮೈಕಿನ ಸದ್ದನ್ನು ಮಿಕ್ಸರ್ ಒಳಗೆ ಬರುವಾಗಲೇ ಹಿಗ್ಗಿಸುವ ಗುಂಡಿ) ಮತ್ತು ಮಾನಿಟರಿನಲ್ಲಿ (ಹಾಡುವವರಿಗೆ ತಮ್ಮ ದನಿ ಕೇಳಲು ವೇದಿಕೆಯಲ್ಲಿಡುವ ಸ್ಪೀಕರ್), ಕೊನೆಗೆ ಈಕ್ಯೂನಲ್ಲಿ (ಕೆಳ, ನಡು, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ). ಇಲ್ಲಿ ಹೇಳುವುದೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿದೆ.

ಮೈಕ್ ಕೂಗುವುದು ಯಾಕೆ

ಮೈಕ್ ಹಿಡಿದ ಸದ್ದು ಮಿಕ್ಸರ್, ಆಂಪ್ (ಆಂಪ್ಲಿಫೈಯರ್) ದಾಟಿ ಸ್ಪೀಕರಿನಿಂದ ಹೊರಬರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಗಾಳಿಯಲ್ಲಿ ತಿರುಗಿ ಅದೇ ಮೈಕಿಗೆ ಬಂದು ಬೀಳುತ್ತದೆ. ಮತ್ತೆ ಮಿಕ್ಸರ್, ಮತ್ತೆ ಆಂಪ್, ಮತ್ತೆ ಸ್ಪೀಕರ್. ಒಂದು ಸುತ್ತು ಮುಗಿಸಿ ಬಂದಾಗ ಸದ್ದು ಮೊದಲಿಗಿಂತ ಚಿಕ್ಕದಾಗಿದ್ದರೆ ಎರಡು ಮೂರು ಸುತ್ತಿನಲ್ಲಿ ತಾನೇ ಅಡಗುತ್ತದೆ. ದೊಡ್ಡದಾಗಿದ್ದು, ಅಲೆಯ ಮೇಲೆ ಅಲೆ ಸರಿಯಾಗಿ ಕೂತರೆ, ಸುತ್ತಿನಿಂದ ಸುತ್ತಿಗೆ ಬೆಳೆದು ಕೂಗಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸ್ಪೀಕರ್ ಮೂರೂವರೆ ಮೀಟರ್ ದೂರ ಇದ್ದರೆ ಒಂದು ಸುತ್ತಿಗೆ ಸೆಕೆಂಡಿನ ನೂರರಲ್ಲಿ ಒಂದು ಭಾಗ ಸಾಕು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೂಗು ಮೈಮೇಲೆ ಬರುವುದು ಅದಕ್ಕೇ. ಇದನ್ನು ಅಧ್ಯಯನ ಮಾಡಿದ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ಹೆಸರಿನಲ್ಲಿ ಇದಕ್ಕೆ ಲಾರ್ಸೆನ್ ಎಫೆಕ್ಟ್ ಅಂತಲೂ ಹೇಳುತ್ತಾರೆ.

ಎಲ್ಲ ಫ್ರೀಕ್ವೆನ್ಸಿಗಳೂ (ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಅಳತೆ ಹರ್ಟ್ಜ್) ಒಟ್ಟಿಗೆ ಕೂಗುವುದಿಲ್ಲ. ಮೈಕ್, ಸ್ಪೀಕರ್, ಕೋಣೆ ಮೂರೂ ಸೇರಿ ಯಾವ ಫ್ರೀಕ್ವೆನ್ಸಿಯನ್ನು ಜಾಸ್ತಿ ಎತ್ತಿ ಕೊಡುತ್ತವೋ ಅದು ಮೊದಲು ಕೂಗುತ್ತದೆ. ಕೂಗುವ ಮುಂಚೆ ಸುಳಿವನ್ನೂ ಕೊಡುತ್ತದೆ. ಮಾತು ನಿಂತ ಮೇಲೂ ಅದರ ಬಾಲಕ್ಕೆ ‘ಣಿಂಯ್’ ಅಂತ ಒಂದು ಎಳೆ ಅಂಟಿಕೊಂಡಿರುತ್ತದೆ. ಕೊಳವೆಯೊಳಗಿಂದ ಮಾತನಾಡಿದ ಹಾಗೆ ಕೇಳಿಸುತ್ತದೆ. ಆ ಎಳೆಯನ್ನು ಗುರುತಿಸಲು ಕಿವಿ ಕಲಿತರೆ ಅರ್ಧ ಕೆಲಸ ಗೆದ್ದ ಹಾಗೆ. ಕೂಗು ಶುರುವಾಗುವ ಮಟ್ಟಕ್ಕಿಂತ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಕೆಳಗೆ ಇದ್ದರೆ ನೆಮ್ಮದಿಯಿಂದ ಕಾರ್ಯಕ್ರಮ ನಡೆಸಬಹುದು.

ಮೊದಲು ವೇದಿಕೆ, ಆಮೇಲೆ ಮಿಕ್ಸರ್

ಸ್ಪೀಕರ್‌ಗಳು ಮೈಕ್‌ಗಳಿಗಿಂತ ಮುಂದೆ ಇರಬೇಕು, ಮುಖ ಜನರ ಕಡೆಗಿರಬೇಕು. ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಜಾಗ ಇಲ್ಲ ಅಂತಲೋ ನೋಡಲು ಚೆನ್ನಾಗಿರಲ್ಲ ಅಂತಲೋ ಮೊದಲು ಕೈಬಿಡುವುದೂ ಇದನ್ನೇ. ಹಿಂದೆ ಸರಿಸಿದ ಸ್ಪೀಕರ್ ಸೀದಾ ಮೈಕಿನ ಬಾಯಿಗೆ ಊದುತ್ತದೆ. ಇದನ್ನು ಯಾವ ಈಕ್ಯೂ ಕೂಡ ಸರಿ ಮಾಡುವುದಿಲ್ಲ. ಸ್ಪೀಕರನ್ನು ಕೂತವರ ತಲೆಗಿಂತ ಎತ್ತರಕ್ಕೆ ಏರಿಸಿ, ಸ್ವಲ್ಪ ಕೆಳಮುಖ ಮಾಡಿ. ಹಿಂದಿನ ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಇದರಿಂದ ತಗ್ಗುತ್ತದೆ.

ಇನ್ನು ಬಾಯಿಗೂ ಮೈಕಿಗೂ ಇರುವ ದೂರ. ಈ ಇಡೀ ವಿಷಯದಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ. ದೂರ ಅರ್ಧ ಆದಾಗಲೆಲ್ಲ ಮೈಕಿಗೆ ಬೀಳುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಮೇಲೆ ಹೇಳಿದ ಭಾಷಣವನ್ನೇ ತೆಗೆದುಕೊಳ್ಳಿ. ಎರಡು ಅಡಿಯಿಂದ ಒಂದಡಿಗೆ 6, ಒಂದರಿಂದ ಅರ್ಧಕ್ಕೆ ಇನ್ನೊಂದು 6. ಒಟ್ಟು 12 ಡೆಸಿಬೆಲ್. ಸ್ಪೀಕರಿನಿಂದ ಮೈಕಿಗೆ ಬರುವ ಸದ್ದು ಮಾತ್ರ ಇದ್ದಷ್ಟೇ ಇತ್ತು, ಯಾಕೆಂದರೆ ಆ ದೂರ ಹೆಚ್ಚೇನೂ ಬದಲಾಗಿರಲಿಲ್ಲ. ಆ ಹಿರಿಯರು ಫೇಡರ್ ಇಳಿಸಿದರೂ ಮಾತು ಜೋರಾಗಿ ಕೇಳಿದ ಗುಟ್ಟು ಇದೇ.

ಹಾಗಾಗಿ ಮಾತನಾಡುವವರಿಗೆ ಮುಂಚೆಯೇ ಹೋಗಿ, ನಯವಾಗಿ, ಮೈಕ್ ಎಷ್ಟು ಹತ್ತಿರ ಇರಬೇಕು ಅಂತ ತೋರಿಸಿ. ಹಾಡುವವರಿಗೆ ಎರಡು ಮೂರು ಬೆರಳಿನ ಅಂತರ, ಭಾಷಣಕ್ಕೆ ಒಂದು ಗೇಣಿನೊಳಗೆ. ಬಾಯಿಂದ ಹೇಳುವುದಕ್ಕಿಂತ ಕೈಯಲ್ಲಿ ಅಳೆದು ತೋರಿಸಿದರೆ ನೆನಪಿಟ್ಟುಕೊಳ್ಳುತ್ತಾರೆ.

ಮೈಕ್ ಯಾವ ಕಡೆಯಿಂದ ಕೇಳುತ್ತದೆ, ಯಾವ ಕಡೆಗೆ ಕಿವುಡು ಅನ್ನುವುದನ್ನೂ ತಿಳಿದಿರಬೇಕು. ಶೂರ್ ಎಸ್‌ಎಂ58 ಥರದ ಕಾರ್ಡಿಯಾಯ್ಡ್ (ಮುಂದಿನಿಂದ ಹೆಚ್ಚು ಕೇಳುವ) ಮೈಕ್ ಸರಿಯಾಗಿ ತನ್ನ ಬೆನ್ನ ಕಡೆಗೆ, ಅಂದರೆ 180 ಡಿಗ್ರಿಯಲ್ಲಿ, ಕಿವುಡು. ಬೀಟಾ 58ಎ ಥರದ ಸೂಪರ್ ಕಾರ್ಡಿಯಾಯ್ಡ್ ಮೈಕ್ ಬೆನ್ನಿಗೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಅದರ ಕಿವುಡು ಜಾಗ ಇರುವುದು ಎರಡೂ ಬದಿಗೆ, ಸುಮಾರು 125 ಡಿಗ್ರಿಯಲ್ಲಿ. ಮೊದಲನೆಯದಕ್ಕೆ ಮಾನಿಟರನ್ನು ಮೈಕಿನ ನೇರ ಹಿಂದೆ ಇಡಿ. ಎರಡನೆಯದಕ್ಕೆ ಬಲಕ್ಕೋ ಎಡಕ್ಕೋ ಓರೆಯಾಗಿ ಸರಿಸಿ. ಹೆಚ್ಚು ದುಡ್ಡಿನ ಸೂಪರ್ ಕಾರ್ಡಿಯಾಯ್ಡ್ ತಂದು, ಮಾನಿಟರನ್ನು ಹಳೇ ಜಾಗದಲ್ಲೇ ಬಿಟ್ಟು, ಈ ಮೈಕೇ ಸರಿಯಿಲ್ಲ ಅನ್ನುವವರನ್ನು ನೋಡಿದ್ದೇನೆ.

ಹಾಡುವವರು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಇದೆಲ್ಲ ವ್ಯರ್ಥ. ಮೈಕ್ ದಿಕ್ಕು ಗುರುತಿಸುವುದು ಜಾಲರಿಯ ಹಿಂಭಾಗದ ಕಿಂಡಿಗಳ ಮೂಲಕ. ಬೆರಳುಗಳು ಆ ಕಿಂಡಿ ಮುಚ್ಚಿದ ಕೂಡಲೇ ಮೈಕ್ ಎಲ್ಲ ಕಡೆಯಿಂದಲೂ ಕೇಳತೊಡಗುತ್ತದೆ. ಅಂಗೈಯ ಗುಳಿಯಲ್ಲಿ ಬೇರೆ ಒಂದು ದನಿ ಮೊಳಗುತ್ತದೆ, ಕೂಗು ಶುರು. ಹಿಡಿ ಹಿಡಿಯಬೇಕು, ತಲೆ ಹಿಡಿಯಬಾರದು ಅಂತ ಸೌಂಡ್ ಚೆಕ್ಕಿನಲ್ಲೇ ಹೇಳಿ. ಕೂಗಿದ ಮೈಕನ್ನು ಗಾಬರಿಯಲ್ಲಿ ಅಂಗೈಯಿಂದ ಮುಚ್ಚುವುದೂ ಇದೇ ತಪ್ಪು. ಮೈಕನ್ನು ಸ್ಪೀಕರಿನ ಕಡೆಗೆ ಕೆಳಗಿಳಿಸುವುದೂ ಅಷ್ಟೇ.

ಆನ್ ಮಾಡುವುದು, ಚಾನೆಲ್ ಓದುವುದು

ಮಿಕ್ಸರ್ ಮೊದಲು, ಆಂಪ್ ಅಥವಾ ಪವರ್ಡ್ ಸ್ಪೀಕರ್ (ಒಳಗೇ ಆಂಪ್ ಇರುವ ಸ್ಪೀಕರ್) ಕೊನೆಗೆ. ಆಫ್ ಮಾಡುವಾಗ ಉಲ್ಟಾ. ಈ ಕ್ರಮ ತಪ್ಪಿದರೆ ಬರುವ ‘ಢಬ್’ ಸದ್ದು ಸ್ಪೀಕರಿಗೆ ಒಳ್ಳೆಯದಲ್ಲ. ಆನ್ ಮಾಡುವ ಮುಂಚೆ ಎಲ್ಲ ಫೇಡರ್ ಕೆಳಗೆ, ಎಲ್ಲ ಚಾನೆಲ್ (ಒಂದು ಮೈಕ್ ಅಥವಾ ವಾದ್ಯಕ್ಕೆ ಇರುವ ಗುಂಡಿಗಳ ಸಾಲು) ಮ್ಯೂಟ್.

ನೂರಾರು ಗುಂಡಿ ನೋಡಿ ಹೆದರಬೇಡಿ. ಒಂದು ಚಾನೆಲ್ ಅರ್ಥವಾದರೆ ಉಳಿದವೆಲ್ಲ ಅದರದೇ ನಕಲು. ಅನಲಾಗ್ ಮಿಕ್ಸರಿನಲ್ಲಿ ಸದ್ದು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ತುದಿಯಲ್ಲಿ ಎಕ್ಸ್‌ಎಲ್‌ಆರ್ ಸಾಕೆಟ್ (ಮೈಕ್ ಕೇಬಲ್ ಸೇರುವ ಜಾಗ), ಆಮೇಲೆ ಗೇನ್, ಲೋ ಕಟ್ ಸ್ವಿಚ್ (ತೀರಾ ಕೆಳಗಿನ ಸದ್ದನ್ನು ಕತ್ತರಿಸುವುದು), ಈಕ್ಯೂ, ಆಕ್ಸ್ ಗುಂಡಿಗಳು (ಮಾನಿಟರ್, ಎಫೆಕ್ಟ್ ಥರದ ಬೇರೆ ಕಡೆಗೆ ಸದ್ದು ಕಳಿಸುವವು), ಪ್ಯಾನ್ (ಎಡ ಬಲ ಹಂಚುವುದು), ಮ್ಯೂಟ್, ಕೊನೆಗೆ ಫೇಡರ್. ಡಿಜಿಟಲ್ ಮಿಕ್ಸರಿನಲ್ಲಿ ಇವೇ ಇರುತ್ತವೆ. ಚಾನೆಲ್ ಸೆಲೆಕ್ಟ್ ಮಾಡಿದರೆ ಸ್ಕ್ರೀನಿನಲ್ಲಿ ಬರುತ್ತವೆ, ಅಷ್ಟೇ.

ಕಂಡೆನ್ಸರ್ ಮೈಕಿಗೂ (ವಿದ್ಯುತ್ ಬೇಡುವ ಸೂಕ್ಷ್ಮ ಮೈಕ್) ಆಕ್ಟಿವ್ ಡಿಐ ಬಾಕ್ಸಿಗೂ (ವಾದ್ಯದ ಸಿಗ್ನಲನ್ನು ಮೈಕ್ ಕೇಬಲಿಗೆ ಹೊಂದಿಸುವ ಡಬ್ಬಿ) ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲಿನಲ್ಲೇ ಮಿಕ್ಸರ್ ಕಳಿಸುವ ವಿದ್ಯುತ್) ಬೇಕು. ಹಾಕುವಾಗ, ತೆಗೆಯುವಾಗ ಚಾನೆಲ್ ಮ್ಯೂಟ್ ಇರಲಿ. ಕೀಬೋರ್ಡ್ ಅಥವಾ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಇರುವ ಗಿಟಾರ್ ಥರದ ವಾದ್ಯ ಇದ್ದರೆ ಡಿಐ ಮೂಲಕ ತನ್ನಿ. ಉದ್ದದ ಕೇಬಲಿನಲ್ಲಿ ಗುಂಯ್‌ಗುಡುವುದು ತಪ್ಪುತ್ತದೆ. ಯಾವ ಚಾನೆಲಿನಲ್ಲಿ ಯಾರು ಅಂತ ಫೇಡರ್ ಕೆಳಗೆ ಟೇಪ್ ಅಂಟಿಸಿ ಬರೆಯಿರಿ. ಕೂಗು ಬಂದಾಗ ಯೋಚಿಸಲು ಸಮಯ ಇರುವುದಿಲ್ಲ.

ಗೇನ್ ಹಾಕುವುದು

ಫೇಡರ್ ಕೆಳಗಿರಲಿ. ಆ ಚಾನೆಲನ್ನು ಮಾತ್ರ ಮೀಟರಿಗೂ ಹೆಡ್‌ಫೋನಿಗೂ ಕೊಡುವ ಸೋಲೋ ಅಥವಾ ಪಿಎಫ್‌ಎಲ್ ಒತ್ತಿ, ಹಾಡುವವರಿಗೆ ಕಾರ್ಯಕ್ರಮದಲ್ಲಿ ಹಾಡುವಷ್ಟೇ ಜೋರಾಗಿ ಒಂದು ಚರಣ ಹಾಡಲು ಹೇಳಿ. "ಹಲೋ ಹಲೋ, ಮೈಕ್ ಟೆಸ್ಟಿಂಗ್" ಸಾಲದು. ಆ ಮಟ್ಟಕ್ಕೆ ಇಟ್ಟ ಗೇನ್ ಪಲ್ಲವಿಯ ಮೇಲಿನ ಸ್ವರಕ್ಕೇ ಒಡೆಯುತ್ತದೆ. ಮೀಟರ್ ನೋಡುತ್ತಾ ಗೇನ್ ನಿಧಾನವಾಗಿ ತಿರುಗಿಸಿ. ಅನಲಾಗ್ ಮಿಕ್ಸರಿನಲ್ಲಿ ದನಿ 0 ಹತ್ತಿರ ಆಡುತ್ತಿರಬೇಕು, ಕೆಂಪು ದೀಪ ಹತ್ತಬಾರದು. ಡಿಜಿಟಲಿನಲ್ಲಿ ಸರಾಸರಿ ಮೈನಸ್ 18ರ ಸುತ್ತ ಇದ್ದು, ಜೋರು ಬಂದಾಗ ಮೈನಸ್ 6 ದಾಟದೆ ಇದ್ದರೆ ಆಯಿತು. ಜನರ ಮುಂದೆ ನಿಂತಾಗ ದನಿ ಇನ್ನೂ ಏರುತ್ತದೆ, ಅದಕ್ಕೂ ಜಾಗ ಬಿಟ್ಟಿರಿ. ಆಮೇಲೆ ಸೋಲೋ ತೆಗೆದು, ಮ್ಯೂಟ್ ಬಿಟ್ಟು, ಫೇಡರನ್ನು 0 ಗುರುತಿನ ಕಡೆಗೆ ಏರಿಸಿ. ಆ ಗುರುತಿನ ಸುತ್ತ ಫೇಡರ್ ಒಂದಿಷ್ಟು ಸರಿದರೂ ಬದಲಾವಣೆ ಸಣ್ಣದು, ಕೈಗೆ ಹಿಡಿತ ಸಿಗುತ್ತದೆ. ತೀರಾ ಕೆಳಗಿನ ತುದಿಯಲ್ಲಿ ಕೂದಲೆಳೆ ಸರಿದರೂ ದನಿ ಜಿಗಿಯುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಲೇಬೇಕು. ಗೇನ್ ಇಳಿಸಿ ಫೇಡರ್ ಏರಿಸಿದರೆ ಕೂಗು ಕಡಿಮೆ ಆಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಹಾಗೇನೂ ಇಲ್ಲ. ಸುತ್ತಿನ ಒಟ್ಟು ಬಲವೇ ಲೆಕ್ಕ. ಗೇನ್ 6 ಇಳಿಸಿ ಫೇಡರ್ 6 ಏರಿಸಿದರೆ ಮೇನ್ ಸ್ಪೀಕರಿನ ಮಟ್ಟಿಗೆ ಎಲ್ಲಿದ್ದೆವೋ ಅಲ್ಲೇ ಇರುತ್ತೇವೆ. ಆದರೆ ಮಾನಿಟರಿಗೆ ಹೋಗುವ ಆಕ್ಸ್ ಫೇಡರಿಗಿಂತ ಮುಂಚೆಯೇ ಕವಲೊಡೆಯುವುದರಿಂದ, ಗೇನ್ ಇಳಿಸಿದಾಗ ಮಾನಿಟರ್ ಸಣ್ಣದಾಗಿರುತ್ತದೆ. ಕೂಗುತ್ತಿದ್ದದ್ದು ಮಾನಿಟರ್ ಆಗಿದ್ದರೆ ನಿಂತೇ ನಿಲ್ಲುತ್ತದೆ. ನಂಬಿಕೆ ಹುಟ್ಟಿದ್ದು ಇಲ್ಲಿಂದ ಇರಬೇಕು. ಅದೇ ಕಾರಣಕ್ಕೆ ಕಾರ್ಯಕ್ರಮದ ನಡುವೆ ಗೇನ್ ಏರಿಸಬೇಡಿ. ನಿಮಗೆ ಹೊರಗೆ ಸ್ವಲ್ಪ ಜೋರಾಗಲಿ ಅನ್ನಿಸಿರುತ್ತದೆ, ಅಲ್ಲಿ ವೇದಿಕೆಯ ಎಲ್ಲ ಮಾನಿಟರೂ ಒಟ್ಟಿಗೆ ಏರಿರುತ್ತವೆ.

ಚಾನೆಲ್ ಈಕ್ಯೂ

ಮೊದಲ ಕೆಲಸ ಲೋ ಕಟ್. ಮಾತಿಗೆ, ಹಾಡಿಗೆ 100 ಹರ್ಟ್ಜ್ ಹತ್ತಿರ ಹಾಕಿ. ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು, ಉಸಿರಿನ ‘ಫಫ್’, ಕೆಳಗಿನ ಗುಡುಗುಡು ಎಲ್ಲ ಹೋಗುತ್ತದೆ. ಮೈಕ್ ತೀರಾ ಹತ್ತಿರ ಇದ್ದಾಗ ಕೆಳಸ್ವರ ಉಬ್ಬುವುದು ಸಹಜ. ಆಗ 200ರಿಂದ 400ರ ನಡುವೆ 3 ಡೆಸಿಬೆಲ್ ತಗ್ಗಿಸಿದರೆ ದನಿ ತಿಳಿಯಾಗುತ್ತದೆ. ಏರಿಸುವುದು ಆದಷ್ಟು ಕಡಿಮೆ ಇರಲಿ. 3 ಕಿಲೋಹರ್ಟ್ಜ್ ಸುತ್ತ 6 ಡೆಸಿಬೆಲ್ ಏರಿಸಿದರೆ ಮಾತು ಸ್ಪಷ್ಟವಾಗುವುದು ನಿಜ, ಆದರೆ ಅದೇ ಜಾಗದಲ್ಲಿ ಕೂಗಿಗೆ 6 ಡೆಸಿಬೆಲ್ ಹತ್ತಿರ ಹೋದಿರಿ.

ಮಾನಿಟರ್

ವೇದಿಕೆಯ ಕೂಗಿನಲ್ಲಿ ಬಹುಪಾಲು ಹುಟ್ಟುವುದು ಮಾನಿಟರಿನಲ್ಲೇ. ಮೈಕಿಗೆ ಹತ್ತಿರ ಇರುವ ಸ್ಪೀಕರ್ ಅದೇ ಅಲ್ವಾ. ಮಾನಿಟರಿಗೆ ಹೋಗುವ ಆಕ್ಸ್ ಪ್ರೀ ಫೇಡರ್ (ಫೇಡರಿಗಿಂತ ಮುಂಚೆ ಕವಲೊಡೆಯುವುದು) ಇರಲಿ. ಹೊರಗೆ ಫೇಡರ್ ಆಡಿಸಿದರೂ ಹಾಡುವವರಿಗೆ ಕೇಳುವುದು ಬದಲಾಗಬಾರದು. ರಿವರ್ಬಿಗೆ (ದನಿಗೆ ಸಭಾಂಗಣದ ಮೊಳಗು ಸೇರಿಸುವ ಎಫೆಕ್ಟ್) ಹೋಗುವ ಆಕ್ಸ್ ಪೋಸ್ಟ್ ಫೇಡರ್ (ಫೇಡರ್ ಆದ ಮೇಲೆ ಕವಲೊಡೆಯುವುದು) ಇರಲಿ. ಯಾರಿಗೆ ಏನು ಬೇಕೋ ಅಷ್ಟನ್ನೇ ಕೊಡಿ. "ನನಗೆ ನನ್ನ ದನಿ ಕೇಳಿಸ್ತಿಲ್ಲ" ಅಂದಾಗ ಅವರ ದನಿ ಏರಿಸುವ ಮುಂಚೆ ಅದೇ ಮಾನಿಟರಿನಲ್ಲಿರುವ ಉಳಿದವನ್ನು ಇಳಿಸಿ ನೋಡಿ. ಹತ್ತರಲ್ಲಿ ಏಳೆಂಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮಾನಿಟರಿನಲ್ಲಿ ರಿವರ್ಬ್ ಹಾಕಬೇಡಿ. ಅದು ಸದ್ದಿನ ಬಾಲವನ್ನು ಇನ್ನಷ್ಟು ಎಳೆದು ಕೂಗಿಗೆ ದಾರಿ ಮಾಡುತ್ತದೆ. ಮಾನಿಟರ್ ಮುಖ ಹಾಡುವವರ ಕಿವಿಗೆ ಇರಬೇಕು. ನೆಲಕ್ಕೆ ಸಮವಾಗಿ ಇಟ್ಟರೆ ಮೊಣಕಾಲಿಗೆ ಕೇಳಿಸುತ್ತದೆ, ಅವರು ಇನ್ನೂ ಜೋರು ಕೇಳುತ್ತಾರೆ.

ಕೂಗಿಸಿ ಕೂಗು ಕೊಲ್ಲುವುದು: ರಿಂಗಿಂಗ್ ಔಟ್

ವೇದಿಕೆ ಸರಿಯಾದ ಮೇಲೆ, ಜನ ಬರುವ ಮುಂಚೆ ಮಾಡುವ ಕೆಲಸ ಇದು. ಬೇಕಂತಲೇ ಮೈಕನ್ನು ಕೂಗಿನ ಅಂಚಿಗೆ ತಂದು, ಯಾವ ಫ್ರೀಕ್ವೆನ್ಸಿ ಎದ್ದು ಬರುತ್ತದೋ ಅದನ್ನು ಸ್ವಲ್ಪ ತಗ್ಗಿಸುವುದು. ಮೇನ್ ಸ್ಪೀಕರಿಗೆ ಒಮ್ಮೆ, ಪ್ರತಿ ಮಾನಿಟರಿಗೆ ಒಮ್ಮೆ, ಬೇರೆ ಬೇರೆಯಾಗಿ ಮಾಡಬೇಕು. ಆ ಔಟ್‌ಪುಟ್ಟಿಗೆ 31 ಬ್ಯಾಂಡಿನ ಗ್ರಾಫಿಕ್ ಈಕ್ಯೂ (ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಜಾರುಪಟ್ಟಿ ಇರುವುದು) ಇರಬೇಕು. ಡಿಜಿಟಲ್ ಮಿಕ್ಸರುಗಳಲ್ಲಿ ಹೆಚ್ಚಾಗಿ ಒಳಗೇ ಇರುತ್ತದೆ.

1. ವೇದಿಕೆಯಲ್ಲಿ ಯಾರೂ ಮಾನಿಟರಿಗೆ ಕಿವಿ ಕೊಟ್ಟು ನಿಂತಿಲ್ಲ ಅಂತ ನೋಡಿಕೊಳ್ಳಿ. "ಮೈಕ್ ಕೂಗಿಸ್ತೀನಿ" ಅಂತ ಜೋರಾಗಿ ಹೇಳಿ.
2. ಮೈಕ್ ಹಾಡುವವರು ಹಿಡಿಯುವ ಜಾಗದಲ್ಲೇ ಸ್ಟ್ಯಾಂಡಿನಲ್ಲಿರಲಿ. ಗೇನ್ ಮೊದಲೇ ಹಾಕಿದ್ದಷ್ಟೇ ಇರಲಿ. ಈಕ್ಯೂ ಎಲ್ಲ ಸಮ.
3. ಆ ಮಾನಿಟರಿನ ಮಾಸ್ಟರನ್ನು (ಅದರ ಒಟ್ಟು ದನಿಯ ಫೇಡರ್) ಒಂದೊಂದೇ ಡೆಸಿಬೆಲ್ ಏರಿಸಿ. ‘ಣಿಂಯ್’ ಶುರುವಾದ ಕೂಡಲೇ ಕೈ ನಿಲ್ಲಿಸಿ. ಕೂಗು ಪೂರ್ತಿ ಬೆಳೆಯಲು ಬಿಡಬೇಡಿ.
4. ಯಾವ ಬ್ಯಾಂಡ್ ಅಂತ ಊಹಿಸಿ ಆ ಪಟ್ಟಿಯನ್ನು 3 ಡೆಸಿಬೆಲ್ ಇಳಿಸಿ. ನಿಂತರೆ ಸರಿ. ನಿಲ್ಲದಿದ್ದರೆ ಅದನ್ನು ವಾಪಸ್ 0ಗೆ ತಂದು ಪಕ್ಕದ್ದನ್ನು ಇಳಿಸಿ. ತಪ್ಪು ಊಹೆಗಳನ್ನು ಹಾಗೇ ಬಿಟ್ಟರೆ ದನಿ ಸುಮ್ನೆ ಹಾಳಾಗುತ್ತದೆ.
5. ಮತ್ತೆ ಮಾಸ್ಟರ್ ಏರಿಸಿ, ಮುಂದಿನ ಕೂಗು ಹುಡುಕಿ. ನಾಲ್ಕೈದು ಆದ ಮೇಲೆ, ಅಥವಾ ಒಮ್ಮೆಗೇ ಎರಡು ಮೂರು ಕಡೆ ಕೂಗತೊಡಗಿದರೆ, ಸಾಕು ಮಾಡಿ.
6. ಮಾಸ್ಟರನ್ನು ಅಲ್ಲಿಂದ 6 ಡೆಸಿಬೆಲ್ ಕೆಳಗೆ ತನ್ನಿ. ಮೈಕಿನಲ್ಲಿ ಮಾತನಾಡಿ ದನಿ ಸಹಜವಾಗಿದೆಯಾ ಕೇಳಿ.

ನಾಲ್ಕನೇ ಹಂತದಲ್ಲಿ ಎಲ್ಲರೂ ತಡವರಿಸುತ್ತಾರೆ. ಯಾವ ಬ್ಯಾಂಡ್ ಅಂತ ಹೇಗೆ ಗೊತ್ತಾಗಬೇಕು? ನಮ್ಮ ಸ್ವರಾಕ್ಷರಗಳೇ ಇಲ್ಲಿ ಸಹಾಯಕ್ಕೆ ಬರುತ್ತವೆ. ಕೂಗು ‘ಊ’ ಅಂತ ಕೇಳಿದರೆ 250 ಹರ್ಟ್ಜ್ ಸುತ್ತ. ‘ಓ’ ಆದರೆ 500. ‘ಆ’ ಆದರೆ 1000. ‘ಏ’ ಆದರೆ 2000. ‘ಈ’ ಅಂತ ಚುಚ್ಚಿದರೆ 4000. ಅದಕ್ಕೂ ಮೇಲೆ ಹೋದರೆ ‘ಸ್ಸ್’ ಅನ್ನುವ ಸೀಳು ಸಿಳ್ಳೆ. ಕೂಗನ್ನು ನಿಮ್ಮ ಬಾಯಲ್ಲೇ ಮೆಲ್ಲಗೆ ಅನುಕರಿಸಿ, ಯಾವ ಅಕ್ಷರ ಬರುತ್ತದೆ ನೋಡಿ. ಇದು ಅಂದಾಜು, ಆದರೆ 31 ಪಟ್ಟಿಯಲ್ಲಿ ಎಲ್ಲಿ ಕೈ ಇಡಬೇಕು ಅಂತ ತಿಳಿಯಲು ಸಾಕು. ಉದಾಹರಣೆಗೆ ‘ಏ’ಗೂ ‘ಈ’ಗೂ ನಡುವೆ ಕೇಳಿದರೆ ಬೆರಳು 2.5 ಇಲ್ಲವೇ 3.15 ಕಿಲೋಹರ್ಟ್ಜ್ ಪಟ್ಟಿಗೆ ಹೋಗಬೇಕು. ಮನೆಯಲ್ಲಿ ಫೋನಿನ ಟೋನ್ ಜನರೇಟರ್ ಆಪ್ ಹಾಕಿಕೊಂಡು, ಸಣ್ಣ ಸದ್ದಿನಲ್ಲಿ, ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿ. ಕೆಲವೇ ವಾರದಲ್ಲಿ ಕಿವಿ ಚುರುಕಾಗುತ್ತದೆ. ಸ್ಕ್ರೀನಿನಲ್ಲಿ ಆರ್‌ಟಿಎ (ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಅನ್ನುವ ಕಂಬಗಳ ಚಿತ್ರ) ತೋರಿಸುವ ಮಿಕ್ಸರ್ ಇದ್ದರೆ ಎದ್ದು ನಿಂತ ಕಂಬವನ್ನು ನೋಡಿ, ಆದರೆ ಮೊದಲು ಊಹಿಸಿ, ಆಮೇಲೆ ನೋಡಿ.

ಪ್ಯಾರಾಮೆಟ್ರಿಕ್ ಈಕ್ಯೂ (ಫ್ರೀಕ್ವೆನ್ಸಿಯನ್ನೂ ಅಗಲವನ್ನೂ ನಾವೇ ಆರಿಸುವಂಥದು) ಇದ್ದರೆ ಇನ್ನೂ ಒಳ್ಳೆಯದು. ಕ್ಯೂ (ಕತ್ತರಿಸುವುದು ಎಷ್ಟು ತೆಳ್ಳಗೆ ಅನ್ನುವ ಅಳತೆ) ಜಾಸ್ತಿ ಇಟ್ಟು ತೆಳ್ಳಗಿನ ಗೀರಿನಷ್ಟೇ ಕತ್ತರಿಸಬಹುದು. ಗ್ರಾಫಿಕ್ಕಿನ ಪ್ರತಿ ಪಟ್ಟಿ ಸುಮಾರು ಮೂರನೇ ಒಂದು ಆಕ್ಟೇವ್ (ಫ್ರೀಕ್ವೆನ್ಸಿ ಎರಡರಷ್ಟಾಗುವ ಅಂತರ) ಅಗಲ, ಅಕ್ಕಪಕ್ಕದ ದನಿಯನ್ನೂ ಎಳೆದುಕೊಂಡು ಹೋಗುತ್ತದೆ. ಹತ್ತು ಹನ್ನೆರಡು ಪಟ್ಟಿ ಇಳಿದು ಹಲ್ಲು ಉದುರಿದ ಬಾಚಣಿಗೆ ಥರ ಆಗಿದ್ದರೆ ಈಕ್ಯೂ ಮತ್ತೆ ಸಮ ಮಾಡಿ, ಎದ್ದು ವೇದಿಕೆಗೆ ಹೋಗಿ. ಯಾವುದೋ ಮೈಕ್ ಅಥವಾ ಸ್ಪೀಕರ್ ತಪ್ಪು ಜಾಗದಲ್ಲಿದೆ.

ಕಾರ್ಯಕ್ರಮ ನಡೆಯುವಾಗ

ಬಳಸದ ಮೈಕ್ ಮ್ಯೂಟ್ ಮಾಡಿ. ಇದಕ್ಕೂ ಲೆಕ್ಕ ಇದೆ. ತೆರೆದ ಮೈಕ್‌ಗಳು ಎರಡರಷ್ಟು ಆದಾಗಲೆಲ್ಲ ಕೂಗಿಗೆ 3 ಡೆಸಿಬೆಲ್ ಹತ್ತಿರ ಹೋಗುತ್ತೇವೆ. ಒಂದರಿಂದ ಎರಡಕ್ಕೆ 3, ನಾಲ್ಕಕ್ಕೆ 6, ಎಂಟಕ್ಕೆ 9. ಎಂಟು ಜನ ಸಾಲಾಗಿ ಕೂತ ಚರ್ಚೆಯಲ್ಲಿ ಎಲ್ಲ ಮೈಕ್ ತೆರೆದಿಟ್ಟರೆ ಆ 9 ಡೆಸಿಬೆಲ್ ನಿಮ್ಮ ಕೈಯಿಂದ ಹೋಯಿತು. ಮಾತನಾಡುವವರ ಫೇಡರ್ ಮೇಲೆ, ಉಳಿದವು ಹತ್ತು ಡೆಸಿಬೆಲ್ ಕೆಳಗೆ ಇಟ್ಟುಕೊಂಡು, ಮುಂದೆ ಯಾರು ಬಾಯಿ ತೆರೆಯುತ್ತಾರೆ ಅಂತ ಅವರ ಮುಖವನ್ನೇ ನೋಡುತ್ತಿರಿ. ಮಿಕ್ಸರಿನಲ್ಲಿ ಆಟೋ ಮಿಕ್ಸ್ (ಮಾತನಾಡುವವರ ಮೈಕ್ ಏರಿಸಿ ಉಳಿದವನ್ನು ತಾನೇ ಇಳಿಸುವ ಸೌಲಭ್ಯ) ಇದ್ದರೆ ಇಂಥ ಕಡೆ ಧಾರಾಳವಾಗಿ ಬಳಸಿ.

ಕಂಪ್ರೆಸರ್ ಬಗ್ಗೆ ಒಂದು ಎಚ್ಚರ. ಅದು ಜೋರಾದ ದನಿಯನ್ನು ತಗ್ಗಿಸುತ್ತದೆ. ಆ ನಷ್ಟ ತುಂಬಲು ಮೇಕಪ್ ಗೇನ್ ಏರಿಸಿದರೆ, ಹಾಡು ನಿಂತ ಹೊತ್ತಿನಲ್ಲಿ ಚಾನೆಲ್ ಪೂರ್ತಿ ಅಷ್ಟು ಜೋರಾಗಿ ತೆರೆದುಕೊಳ್ಳುತ್ತದೆ. ಎರಡು ಹಾಡಿನ ನಡುವಿನ ಮೌನದಲ್ಲೇ ಮೈಕ್ ಕೂಗುತ್ತಿದ್ದರೆ ಮೊದಲು ಇಲ್ಲಿ ನೋಡಿ.

ಇಷ್ಟಾದರೂ ಕೂಗು ಬಂತು ಅನ್ನಿ. ಮಾಸ್ಟರನ್ನು ಪೂರ್ತಿ ಎಳೆಯಬೇಡಿ. ಈಗತಾನೇ ಏನು ಬದಲಾಯಿತು ಅಂತ ವೇದಿಕೆ ನೋಡಿ: ಯಾರು ಮೈಕ್ ಹಿಡಿದು ನಡೆದರು, ಯಾರು ಕೆಳಗಿಳಿಸಿದರು, ನೀವು ಕೊನೆಗೆ ಏರಿಸಿದ್ದು ಯಾವುದು. ಆ ಫೇಡರನ್ನು 3ರಿಂದ 5 ಡೆಸಿಬೆಲ್ ಇಳಿಸಿ. ನಿಲ್ಲಲಿಲ್ಲವೇ? ಹಾಗಿದ್ದರೆ ಕೂಗುತ್ತಿರುವುದು ಮಾನಿಟರ್. ಅದೇ ಚಾನೆಲಿನ ಆಕ್ಸ್ ಇಳಿಸಿ. ಯಾವುದು ಅಂತ ತಿಳಿಯದೆ ಕೂಗು ಬೆಳೆಯುತ್ತಲೇ ಇದ್ದರೆ ಮಾತ್ರ ಮಾನಿಟರ್ ಮಾಸ್ಟರುಗಳಿಗೆ ಕೈ ಹಾಕಿ. ಕೂಗು ನಿಂತ ಮೇಲೆ ಫೇಡರನ್ನು ನಿಧಾನವಾಗಿ, ಹಳೇ ಜಾಗಕ್ಕಿಂತ ಒಂದೆರಡು ಡೆಸಿಬೆಲ್ ಕೆಳಗಿನವರೆಗೆ ಮಾತ್ರ, ಏರಿಸಿ.

ಜನ ತುಂಬಿದ ಸಭಾಂಗಣ ಖಾಲಿ ಸಭಾಂಗಣದ ಹಾಗೆ ಕೇಳುವುದಿಲ್ಲ. ಮೈ, ಬಟ್ಟೆ ಎಲ್ಲ ಮೇಲಿನ ಫ್ರೀಕ್ವೆನ್ಸಿಗಳನ್ನು ಹೀರುತ್ತವೆ. ಹಾಗಾಗಿ ಮಧ್ಯಾಹ್ನದ ಚೆಕ್ಕಿನಲ್ಲಿ ಕತ್ತರಿಸಿದ ಒಂದೆರಡು ಪಟ್ಟಿಯನ್ನು ಸಂಜೆ ಅರ್ಧದಷ್ಟು ವಾಪಸ್ ಕೊಡಲು ಆಗಬಹುದು. ಮೊದಲ ಹತ್ತು ನಿಮಿಷ ಇದಕ್ಕೇ ಕಿವಿ ಕೊಡಿ.

ಫೀಡ್‌ಬ್ಯಾಕ್ ಸಪ್ರೆಸರ್ (ಕೂಗು ತಡೆಯುವ) ಯಂತ್ರಗಳು ಕೂಗನ್ನು ತಾವೇ ಹುಡುಕಿ ತೆಳ್ಳಗಿನ ನಾಚ್ (ಆ ಫ್ರೀಕ್ವೆನ್ಸಿಯನ್ನಷ್ಟೇ ಕತ್ತರಿಸುವ ಗೀರು) ಹಾಕುತ್ತವೆ. ಇನ್ನು ಕೆಲವು ಸದ್ದನ್ನೇ ಕೆಲವು ಹರ್ಟ್ಜ್ ಆಚೆ ಸರಿಸುತ್ತವೆ. ಈ ಉಪಾಯದ ಬಗ್ಗೆ ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದಲ್ಲೇ ಬರೆದಿದ್ದರು. ಆಪರೇಟರ್ ಇಲ್ಲದ ಭಾಷಣದ ಕೋಣೆಗೆ ಇವು ಒಳ್ಳೆಯವು. ಸಂಗೀತಕ್ಕೆ ನಾನು ಹಾಕುವುದಿಲ್ಲ. ಕೊಳಲು ಎಳೆದ ಒಂದೇ ಸ್ವರವನ್ನು ಕೂಗು ಅಂತ ತಿಳಿದು ಯಂತ್ರ ಅದನ್ನೇ ಕತ್ತರಿಸಬಹುದು.

ನಿಮ್ಮ ಕಿವಿಯನ್ನೂ ನೋಡಿಕೊಳ್ಳಿ. ಜನರಿರುವ ಜಾಗಕ್ಕೆ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆಪರೇಟರ್ ಇಡೀ ಸಂಜೆ ಅಲ್ಲೇ ಕೂರುತ್ತಾನೆ, ಅವನಿಗೆ ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೆ ಒಳ್ಳೆಯದು. ಕಿವಿ ದಣಿದಾಗ ಮೇಲಿನ ಸ್ವರ ಮಂಕಾಗಿ ಕೇಳುತ್ತದೆ, ಕೈ ತಾನಾಗಿ ಟ್ರೆಬಲ್ ಏರಿಸುತ್ತದೆ, ಕೂಗು ಹತ್ತಿರ ಬರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ಚಾನೆಲ್ ಮ್ಯೂಟ್ ಮಾಡಿ, ಮಾಸ್ಟರ್ ಇಳಿಸಿ, ಮೊದಲು ಆಂಪ್ ಆಫ್ ಮಾಡಿ. ಮಿಕ್ಸರ್ ಆಫ್ ಮಾಡುವ ಮುಂಚೆ ಸೀನ್ (ಮಿಕ್ಸರಿನ ಎಲ್ಲ ಸೆಟ್ಟಿಂಗ್) ಸೇವ್ ಮಾಡಿ. ಅನಲಾಗ್ ಆದರೆ ಗುಂಡಿಗಳ ಫೋಟೋ ತೆಗೆದುಕೊಳ್ಳಿ. ಯಾವ ಜಾಗ, ಯಾವ ಮೈಕ್, ಯಾವ ಮಾನಿಟರಿನಲ್ಲಿ ಯಾವ ಫ್ರೀಕ್ವೆನ್ಸಿ ಕೂಗಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ಸಭಾಂಗಣಕ್ಕೆ ಮುಂದಿನ ಸಲ ಹೋದಾಗ ರಿಂಗಿಂಗ್ ಔಟ್ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.